ತರಬೇತುದಾರ ಬಂದ, ಮೈದಾನ ಬರಿದಾಯಿತು

ಮಾನ್ಯ ಫುಟ್‌ಬಾಲ್ ಅಭಿವೃದ್ಧಿ ಅಧಿಕಾರಿಗಳೇ,

‘ತರಬೇತುದಾರ ಬಂದೊಡನೆ ಆಟಗಾರ್ತಿಯರು ಮೈದಾನ ಬಿಟ್ಟು ಹೋಗುತ್ತಾರೆ. ಶಿಸ್ತಿಲ್ಲ. ಇಂಥ ಸಣ್ಣ ದ್ವೀಪಗಳಲ್ಲಿ ಈ ಆಟಕ್ಕೆ ಭವಿಷ್ಯವಿಲ್ಲ’ ಎಂದು ಷರಾ ಬರೆದು, ನಮ್ಮ ಹಾಪೈ ದ್ವೀಪಗಳ ಹುಡುಗಿಯರ ತಂಡವನ್ನು ಪಂದ್ಯಾವಳಿಯಿಂದ ಕಿತ್ತುಹಾಕಿದ್ದೀರಿ. ಭಲೇ! ಕಣ್ಣಾರೆ ಕಂಡದ್ದನ್ನೇ ಬರೆದಿದ್ದೀರಿ. ಆದರೆ ಅವರು ಹೋದದ್ದು ಆಟ ಬೇಡವೆಂದಲ್ಲ ಸ್ವಾಮಿ, ನನ್ನನ್ನು ಕಂಡು. ಆ ತರಬೇತುದಾರ ನಾನೇ.

ಅಣ್ಣ ಬಂದ ಜಾಗದಲ್ಲಿ ತಂಗಿ ನಿಲ್ಲಬಾರದು. ಇದು ಟೋಂಗಾದ ಕೂಸಿಗೂ ಗೊತ್ತು. ಚಿಕ್ಕಪ್ಪನ ಮಗಳು, ಅತ್ತೆಯ ಮಗಳು, ಮಾವನ ಮಗಳು, ಎಲ್ಲರೂ ನಮಗೆ ತಂಗಿಯರೇ. ನಮ್ಮ ದ್ವೀಪದಲ್ಲಿ ತಂಗಿಯಲ್ಲದ ಹುಡುಗಿ ಬೇಕೆಂದರೆ ದೋಣಿ ಹತ್ತಬೇಕು! ಹೀಗಿರುವಾಗ ಹುಡುಗಿಯರ ತಂಡಕ್ಕೆ ಆ ಊರಿನ ಗಂಡಸನ್ನೇ ಆರಿಸಿ, ತರಬೇತಿ ಕೊಟ್ಟು, ಕೊರಳಿಗೆ ಸೀಟಿ ಕಟ್ಟಿದ ಮಹಾನುಭಾವರು ಯಾರು? ಒಬ್ಬ ಹೆಣ್ಣುಮಗಳು ನಿಮ್ಮ ಕಣ್ಣಿಗೆ ಬೀಳಲಿಲ್ಲವೇ?

ಆದರೂ ನಾವು ಹೇಗೋ ನಡೆಸಿದ್ದೆವು. ನಾನು ಮೈದಾನದ ಪಕ್ಕದ ಚರ್ಚಿನ ಗೋಡೆಯಾಚೆ, ಹುಡುಗಿಯರು ಈಚೆ, ನಡುವೆ ನನ್ನ ಸೋದರತ್ತೆ ಕಲೋಲೈನೆ. ನಮ್ಮ ಕುಲದಲ್ಲಿ ಅವಳ ಮಾತಿಗೆ ಎದುರಿಲ್ಲ. ನಾನು ಪಿಸುಗುಟ್ಟಿದ್ದನ್ನು ಅವಳು ಅಬ್ಬರಿಸುತ್ತಿದ್ದಳು. “ಮುಂದೆ ಬಂದು ಚೆಂಡು ಹಿಡೀಬೇಕಂತೆ ಕಣೇ. ನನ್ನ ಕೇಳಿದ್ರೆ, ಹೇಗಾದ್ರೂ ಹಿಡಿ.” ನನ್ನ ಒಡಹುಟ್ಟಿದ ತಂಗಿ, ಗೋಲ್‌ಕೀಪರ್ ಲೋಸಲಿನೆ, ಹಿಡಿಯುತ್ತಿದ್ದಳು.

ಅಂದು ನೀವು ದಯಮಾಡಿಸಿದಿರಿ. ತರಬೇತುದಾರ ಮೈದಾನದಲ್ಲೇ ಇರಬೇಕೆಂದು ಅಪ್ಪಣೆಯಾಯಿತು. ನೀವು ಕೊಟ್ಟ ಅಂಗಿ ತೊಟ್ಟು ನಾಟಕದ ನಾಯಕನಂತೆ ಎಡದಿಂದ ಪ್ರವೇಶಿಸಿದೆ. ಪಾತ್ರವರ್ಗವೆಲ್ಲ ಬಲದಿಂದ ನಿಷ್ಕ್ರಮಿಸಿತು. ಲೋಸಲಿನೆ ಕೈಯಲ್ಲಿದ್ದ ಚೆಂಡನ್ನು ಗೋಲಿನ ಗೆರೆಯ ಮೇಲಿಟ್ಟು, ತಲೆ ತಗ್ಗಿಸಿ ನಡೆದಳು. ಇವರಿಗೆ ಶಿಸ್ತಿಲ್ಲವೇ ಎಂದು ನೀವು ಕೇಳಿದಿರಿ. ನಾನು ಇಲ್ಲವೆಂದು ತಲೆಯಾಡಿಸಿದೆ.

ಹೌದು, ತಲೆಯಾಡಿಸಿದೆ! ನಮ್ಮ ನೆಲದ ಅತಿ ದೊಡ್ಡ ಶಿಸ್ತನ್ನು ಅಶಿಸ್ತೆಂದು ಒಪ್ಪಿಕೊಂಡ ಪಾಪಿ ನಾನು. ಅತ್ತೆ ಮನೆಗೆ ಬಂದು ಕೇಳಿದಳು: “ಅತಿಥಿಗೆ ಎದುರಾಡಬಾರದು ಅಂತ ಸುಮ್ಮನಿದ್ಯಾ, ಇಲ್ಲ ಆ ಹೊಸ ಅಂಗಿ ಹೋಗುತ್ತೆ ಅಂತಾನಾ?”

ಲೋಸಲಿನೆ ಈಗ ಗೋಲ್‌ಕೀಪರ್ ಕೈಗವಸು ತೊಟ್ಟು ನೆಲದೊಲೆಯಿಂದ ಬಿಸಿ ಗೆಣಸು ತೆಗೆಯುತ್ತಾಳೆ. ಏಕೆಂದು ಅತ್ತೆ ಕೇಳಿದ್ದಕ್ಕೆ, “ಇವಕ್ಕೂ ಏನಾದ್ರೂ ಕೆಲಸ ಬೇಕಲ್ಲ ಅತ್ತೆ” ಎಂದಳಂತೆ. ಆ ಗೆಣಸು ನನ್ನ ತಟ್ಟೆಗೂ ಬರುತ್ತದೆ.

ನಮ್ಮಲ್ಲಿ ಫುಟ್‌ಬಾಲಿಗೆ ಭವಿಷ್ಯವಿದೆಯೇ ಎಂದು ಹುಡುಕುತ್ತಿದ್ದೀರಲ್ಲ, ಅದು ಅಡುಗೆಮನೆಯಲ್ಲಿದೆ. ತಂಡವನ್ನು ಮರಳಿ ಸೇರಿಸಿ. ತರಬೇತುದಾರರಿಗೆ ನೀವು ಕೊಡುವ ಮುಂದಿನ ತರಬೇತಿಗೆ ನನ್ನ ಜಾಗದಲ್ಲಿ ಲೋಸಲಿನೆಯನ್ನು ಕರೆಯಿರಿ. ಅಂಗಿಯನ್ನು ಒಗೆದು ನಿಮಗೆ ಕಳಿಸುತ್ತಿದ್ದೇನೆ. ಸೀಟಿಯನ್ನು ನಾನೇ ಅವಳ ಕೈಗಿಡುವಂತಿಲ್ಲ, ಅತ್ತೆ ಕೊಂಡೊಯ್ದಿದ್ದಾಳೆ. ಈ ಪತ್ರ ಬರೆಯುತ್ತಾ ಕಿವಿಗೊಟ್ಟು ಕೂತಿದ್ದೇನೆ. ಇನ್ನೂ ಯಾರೂ ಊದಿಲ್ಲ.

ಇಂತಿ,
ಗೋಡೆಯಾಚೆಗೇ ಇರಬೇಕಾಗಿದ್ದ
ಪೌಲಿಯಾಸಿ