ಎದೆ ಎತ್ತಿಸಿಕೊಳ್ಳುವ ಮುನ್ನ ನಮಗೆ ಹೇಳುವವರು ಯಾರು?

ಆರೋಗ್ಯ ಇಲಾಖೆಯ ಮಾನ್ಯ ಅಧಿಕಾರಿಗಳೇ,

ಜೋತುಬಿದ್ದ ಸ್ತನಗಳನ್ನು ಎತ್ತಿ ನಿಲ್ಲಿಸುವ ಶಸ್ತ್ರಚಿಕಿತ್ಸೆಯ ಹೆಸರಿನಲ್ಲಿ ನ್ಯಾಮತಿಯ ಕ್ಲಿನಿಕ್ ಒಂದು ಹೆಂಗಸರಿಗೆ ಸುಳ್ಳು ಹೇಳುತ್ತಿದೆ ಎಂದು ದೂರಲು ನಿಮ್ಮ ಕಚೇರಿಗೆ ಬಂದಿದ್ದೆ. ನಿಮ್ಮ ಸಿಬ್ಬಂದಿ ಫ್ಯಾನು ನೋಡುತ್ತ, "ಅದು ನಮ್ಮ ವ್ಯಾಪ್ತಿಗೆ ಬರಾದಿಲ್ಲ ರೀ ಮೇಡಂ" ಎಂದರು. ಡೆಂಗಿ, ನಾಯಿಕಡಿತ ಎಲ್ಲವೂ ನಿಮ್ಮ ವ್ಯಾಪ್ತಿಯಲ್ಲಿವೆ. ಹೆಣ್ಣಿನ ಎದೆ ಮಾತ್ರ ಯಾರಿಗೆ ಸೇರಿದ್ದು? ಅರಣ್ಯ ಇಲಾಖೆಗೋ, ಮುಜರಾಯಿಗೋ?

ನಾನು ಹೊನ್ನಾಳಿಯಲ್ಲಿ ದೈಹಿಕ ಶಿಕ್ಷಕಿ. ಎರಡು ಹೆರಿಗೆಯಾಗಿ, ಆಮೇಲೆ ತೂಕವನ್ನೂ ಇಳಿಸಿಕೊಂಡ ಮೇಲೆ ನನ್ನ ಎದೆ ಜೋತುಬಿತ್ತು. ಬೇಸಿಗೆಯಲ್ಲಿ ಕೆಳಗಿನ ಚರ್ಮ ಬೆವತು ಕೆಂಪಾಗುತ್ತಿತ್ತು. ಮಕ್ಕಳ ಜೊತೆ ಓಡಲು ನಾಚಿಕೆ. "ನನ್ ಕಣ್ಣಿಗೆ ಚೆನ್ನಾಗೇ ಇದೀಯ. ನಿಂಗೆ ತ್ರಾಸಿದ್ರೆ ಮಾಡಿಸ್ಕೋ" ಎಂದರು ನನ್ನ ಪತಿ ಸಿದ್ದಲಿಂಗೇಶ್. ಜಗಳೂರಿನ ಗೆಳತಿ ದುರ್ಗಾಂಬಿಕಾಳನ್ನು ಕರೆದುಕೊಂಡು ಆ ಕ್ಲಿನಿಕ್ಕಿಗೆ ಹೋದೆ.

ಅಲ್ಲಿ ಸುಗಂಧವಿತ್ತು, ಸೋಫಾ ಇತ್ತು, ವೈದ್ಯರೊಬ್ಬರೇ ಇರಲಿಲ್ಲ.

"ಡಾಕ್ಟ್ರು ಆಪರೇಷನ್ ದಿನ ಬರ್ತಾರೆ ರೀ" ಎಂದಳು ಕೌಂಟರಿನ ಯುವತಿ.

"ಕಲೆ ಉಳಿತೈತೇನಮ್ಮ?" ಎಂದೆ.

"ಬಿಂದಿಯಷ್ಟು ಮೇಡಂ. ಕ್ರೀಮ್ ಹಚ್ಚಿದ್ರೆ ಅದೂ ಇರಲ್ಲ."

ದುರ್ಗಾಂಬಿಕಾಗೆ ಆಸೆ ಹುಟ್ಟಿತು. "ನಂಗೂ ಮಾಡ್ತೀರೇನು? ಆದ್ರೆ ಇನ್ನೊಂದು ಮಗು ಬೇಕು ಅಂತೈತೆ. ಹಾಲು ಕುಡಿಸಾಕೆ ಆಗ್ತೈತಾ?"

"ಡಬ್ಬಿ ಹಾಲು ಐತಲ್ಲ ರೀ!"

ನನ್ನ ಗೆಳತಿಯ ಮುಖ ಸಣ್ಣದಾಯಿತು. ಅವಳ ಕೈಹಿಡಿದು ಮೆಟ್ಟಿಲಿಳಿದೆ. ನಿಮ್ಮ ಕಚೇರಿಯ ಫ್ಯಾನಿನ ದರ್ಶನವಾದದ್ದು ಅದರ ನಂತರ.

ಕೊನೆಗೆ ದಾವಣಗೆರೆಯಲ್ಲಿ ಒಬ್ಬರು ಪ್ಲಾಸ್ಟಿಕ್ ಸರ್ಜನ್, ಡಾ. ಪ್ರೇಮಲತಾ, ನಮ್ಮಿಬ್ಬರನ್ನೂ ಕೂರಿಸಿ ಮಾತಾಡಿದರು. ಚಿತ್ರ ಬರೆದು ತೋರಿಸಿದರು. "ತೊಟ್ಟಿನ ಸುತ್ತ ಒಂದು ಗೆರೆ, ಅಲ್ಲಿಂದ ಕೆಳಕ್ಕೆ ಇನ್ನೊಂದು. ಬಣ್ಣ ಮಾಸ್ತೈತೆ, ಅಳಿಸಿ ಹೋಗಲ್ಲ. ತೊಟ್ಟಿನ ಸ್ಪರ್ಶ ಕಮ್ಮಿ ಆಗಬಹುದು. ಎದೆ ಮೇಲೇಳ್ತೈತೆ, ದಪ್ಪ ಆಗಲ್ಲ. ವಯಸ್ಸಾದಂಗೆ ಮತ್ತೆ ಸ್ವಲ್ಪ ಇಳೀತೈತೆ." ತೂಕ ಒಂದು ಹದಕ್ಕೆ ನಿಂತಿದೆಯೇ ಎಂದು ಕೇಳಿದರು, ಎದೆಯಲ್ಲಿ ಗಂಟುಗಳಿವೆಯೇ ಎಂದು ಪರೀಕ್ಷೆ ಮಾಡಿಸಿದರು. ನನ್ನ ಎಲೆಅಡಿಕೆಯೊಳಗಿನ ಹೊಗೆಸೊಪ್ಪನ್ನು ಮೊದಲು ಬಿಡಬೇಕೆಂದರು. ಇಲ್ಲದಿದ್ದರೆ ಗಾಯ ಮಾಯುವುದಿಲ್ಲವಂತೆ. ಬಿಟ್ಟೆ. ಮನೆಮಂದಿಯೆಲ್ಲ ನನ್ನ ಸಿಡುಕು ಸಹಿಸಿಕೊಂಡರು. ಬಸುರಿಯಾದರೆ ಎದೆ ಮತ್ತೆ ಜೋಲಬಹುದು, ಹಾಲೂಡಿಸುವುದೂ ಕಷ್ಟವಾಗಬಹುದು ಎಂದು ತಿಳಿದ ದುರ್ಗಾಂಬಿಕಾ, "ಹಂಗಾದ್ರೆ ಮಗು ಮೊದ್ಲು" ಎಂದು ನಗುತ್ತ ಎದ್ದಳು.

ನಾನು ಮಾಡಿಸಿಕೊಂಡೆ. ಈಗ ಮೈದಾನದಲ್ಲಿ ಓಡುತ್ತೇನೆ. ಗೆರೆಗಳಿವೆ. ಬಲಗಡೆ ಸ್ಪರ್ಶ ಇನ್ನೂ ಪೂರ್ತಿ ಮರಳಿಲ್ಲ, ಮರಳದೆಯೂ ಇರಬಹುದು. ಒಂದೆರಡು ಸಲ ಅತ್ತಿದ್ದೇನೆ. ಆದರೆ ಮೋಸಹೋದೆ ಎಂದು ಅತ್ತದ್ದಲ್ಲ. ಗೊತ್ತಿದ್ದೇ ಒಪ್ಪಿದ್ದೆ. ಆ ಸೋಫಾದ ಮೇಲೆ ಇವತ್ತು ಕುಳಿತಿರುವ ಹೆಂಗಸಿಗೆ ಇಷ್ಟಾದರೂ ಬೇಡವೇ?

ಆದ್ದರಿಂದ, ಮಾನ್ಯರೇ, ಆ ಕ್ಲಿನಿಕ್ಕಿನಲ್ಲಿ ಕತ್ತರಿ ಹಿಡಿಯುವವರು ಯಾರು, ಅವರು ಏನು ಓದಿದ್ದಾರೆ ಎಂದು ಹೋಗಿ ನೋಡಿ. ಚನ್ನಗಿರಿಯಿಂದ ಜಗಳೂರಿನವರೆಗೆ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ ಇಂಥ ಪ್ರಶ್ನೆಗೆ ನೇರವಾಗಿ ಉತ್ತರಿಸುವ ಒಬ್ಬ ಮಹಿಳಾ ಸಿಬ್ಬಂದಿಯನ್ನು ಕೂರಿಸಿ. ಸ್ತನ ಎಂದು ಬಾಯಿಬಿಟ್ಟು ಹೇಳಬಲ್ಲವರಾದರೆ ಸಾಕು.

ಇಂತಿ,
ಇದು ಪತ್ರಿಕೆಯಲ್ಲಿ ಅಚ್ಚಾದ ಮರುದಿನವೂ ಸ್ಟಾಫ್ ರೂಮಿಗೆ ಹೋಗಲೇಬೇಕಾದ
ಶಾಂತಲಾ, ಹೊನ್ನಾಳಿ