ತಾಮ್ರದ ಚರಿಗೆಯ ಲಿಂಬೆರಸ

ತಾವರಗೇರಾ, ೧೪ ಮೇ ೧೯೪೩, ಶುಕ್ರವಾರ

ಹಂಪವ್ವನ ಮಗಳ ಒಸಡಿನ ರಕ್ತ ನಿಂತಿಲ್ಲ. ಸ್ಕರ್ವಿಗೆಂದು ನಾನು ಹೇಳಿದ ಲಿಂಬೆರಸವನ್ನು ಇಪ್ಪತ್ತು ದಿನ ಕುಡಿಸಿದರೂ ಏಕೆ ಹೀಗೆಂದು ಇವತ್ತು ಅವರ ಮನೆಗೇ ಹೋದೆ. ಒಲೆಯ ಮೇಲೆ ತಾಮ್ರದ ಚರಿಗೆಯಲ್ಲಿ ರಸ ಕೊತಕೊತ ಕುದಿಯುತ್ತಿತ್ತು. ಕುದಿಸಿದರೆ ಅದರ ಸಿ ಜೀವಸತ್ವ ಹಾಳಾಗುತ್ತದೆ. ತಾಮ್ರ ಸೇರಿದರಂತೂ ಏನೂ ಉಳಿಯುವುದಿಲ್ಲ. ಇಷ್ಟು ದಿನ ಹುಡುಗಿ ಕುಡಿದದ್ದು ಬರೀ ಹುಳಿನೀರು.

"ಇದನ್ಯಾಕ ಕುದಿಸಾಕತ್ತೀ ಹಂಪವ್ವಾ?" ಎಂದು ರೇಗಿದೆ.

"ಕಾಲರಾ ಬಂದಾಗ ನೀವ ಹೇಳಿದ್ರಲ್ರಿ ಡಾಕ್ಟರ್ ಸಾಹೇಬ್ರ, ಏನ ಕುಡಿಸಿದ್ರೂ ಕುದಿಸೇ ಕುಡಿಸಬೇಕಂತ. ಒಂದ ದಿನಾನೂ ತಪ್ಪಿಸಿಲ್ರಿ."

ಕೂಡಲೇ ಹಸಿ ರಸ ಹಿಂಡಿ ಹುಡುಗಿಯ ತುಟಿಗಿಟ್ಟೆ. ನುಂಗುವ ಶಕ್ತಿ ಉಳಿದಿರಲಿಲ್ಲ.

ಹೌದು, ಡಂಗುರ ಸಾರಿಸಿದವನು ನಾನೇ. ಇಡೀ ಊರಲ್ಲಿ ನನ್ನ ಮಾತನ್ನು ತಪ್ಪದೆ ಪಾಲಿಸಿದವಳು ಹಂಪವ್ವ ಒಬ್ಬಳೇ.