ಟಾರ್ಕಿಲ್‌ನ ಸೀಸದ ಬಿಲ್ಲೆ

ಅರ್ಡ್‌ವೋರ, ಸ್ಕಾಟ್ಲೆಂಡ್
4 ಮಾರ್ಚ್ 1917

ಪಾದ್ರಿ ಅಯ್ಯನವರಿಗೆ ವಂದನೆಗಳು.

ಎರಡು ಜೊತೆ ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ಹೋದ ಸಲದ್ದನ್ನು ಹಂಚಿಬಿಟ್ಟಿರಂತೆ. ಇವನ್ನಾದರೂ ನೀವೇ ಹಾಕಿಕೊಳ್ಳಿ.

ಸೇನೆಯ ಪಾದ್ರಿಯಾಗಿ ಬನ್ನಿ ಎಂದರೂ ಒಲ್ಲದೆ, ನಲವತ್ತರ ವಯಸ್ಸಿನಲ್ಲಿ ಬರೀ ಸಿಪಾಯಿಯಾಗಿ ಕೆಸರಿನಲ್ಲಿ ನಿಂತಿದ್ದೀರಿ. "ನಮ್ಮ ಅಯ್ಯನೋರು ಅಲ್ಲಿ ಕಂದಕ ತೋಡ್ತಾರಂತೆ ಕಣ್ರೋ! ಇಲ್ಲಿದ್ದಾಗ ಒಂದು ಆಲೂಗೆಡ್ಡೆ ಕಿತ್ತೋರಲ್ಲ" ಎಂದು ಚರ್ಚಿನ ಸಭೆಯ ಹಿರಿಯ ರೋರಿ ಅಂಗಡಿ ಮುಂದೆ ನಗುತ್ತಾನೆ. ನನಗೆ ನಗು ಬರುವುದಿಲ್ಲ.

ನನ್ನ ಟಾರ್ಕಿಲ್ ನಿಮ್ಮ ಉಪದೇಶ ಕೇಳಿಯೇ ಯುದ್ಧಕ್ಕೆ ಹೋಗಿ ಸತ್ತ, ಇನ್ನು ಪೀಠ ಹತ್ತುವ ಯೋಗ್ಯತೆ ನಿಮಗಿಲ್ಲ ಎಂದು ಪ್ರತಿ ಪತ್ರದಲ್ಲೂ ಬರೆಯುತ್ತೀರಿ. ಸಾಕು ಮಾಡಿ. ಹತ್ತು ವರ್ಷ ನಿಮ್ಮ ಉಪದೇಶ ಕೇಳಿದ ಹುಡುಗ ಒಂದು ದಿನವೂ ಹೊತ್ತಿಗೆ ಸರಿಯಾಗಿ ಏಳಲಿಲ್ಲ. ಯಾರ ಮಾತನ್ನೂ ಕೇಳುವವನಲ್ಲ ಅವನು.

ಅವನ ಸಾಮಾನು ಮನೆಗೆ ಬಂತು. ಚರ್ಚಿನಲ್ಲಿ ರೊಟ್ಟಿ-ದ್ರಾಕ್ಷಾರಸದ ಕರ್ತನ ಭೋಜನದ ಮೇಜಿಗೆ ಕೂರಲು ಅಪ್ಪಣೆಯೆಂದು ಆ ಶನಿವಾರ ನೀವು ಅವನ ಕೈಗಿತ್ತ ಸೀಸದ ಬಿಲ್ಲೆ ಅದರಲ್ಲಿತ್ತು. ಭಾನುವಾರ ಮೇಜಿಗೆ ಕೂತು ಅದನ್ನು ಮರಳಿಸುವ ಮೊದಲೇ ಹುಡುಗರನ್ನೆಲ್ಲ ಯುದ್ಧಕ್ಕೆಂದು ದೋಣಿ ಹತ್ತಿಸಿದರಲ್ಲ.

"ಇಲ್ಲಿ ಕೊಡಮ್ಮ, ಚರ್ಚಿನ ಬಿಲ್ಲೆಗಳ ಪೆಟ್ಟಿಗೆಗೆ ಸೇರಿಸ್ತೀನಿ" ಎಂದರು ನಿಮ್ಮ ಬದಲಿಗೆ ಬಂದ ಪಾದ್ರಿ.

"ಕೊಟ್ಟೋರೇ ಬಂದು ಇಸ್ಕೊಳ್ಳಲಿ" ಎಂದೆ.

ಬಿಲ್ಲೆ ನನ್ನ ಬೈಬಲಿನೊಳಗಿದೆ. ನಿಮ್ಮ ಕೈಗೆ ಅದನ್ನು ಕೊಡುವವರೆಗೆ ನಾನೂ ಮೇಜಿಗೆ ಕೂರುವುದಿಲ್ಲ. ಮೊಂಡಾಟ ಅಂತೀರಾ, ಅನ್ನಿ. ನೀವು ಅಲ್ಲೇ ಸತ್ತು ನನ್ನನ್ನು ಕರ್ತನ ಮೇಜಿನಿಂದ ಹೊರಗೇ ಉಳಿಸಿದರೆ, ಅದೊಂದನ್ನು ಮಾತ್ರ ನಾನು ಕ್ಷಮಿಸಲಾರೆ.

ಕಾಲುಚೀಲ ಒದ್ದೆಯಾದರೆ ಬದಲಿಸಿ.

ಟಾರ್ಕಿಲ್‌ನ ತಾಯಿ,
ಇಶ್‌ಬೆಲ್